ಎಡ ಕಂಬದ ಪಕ್ಕ

ಮೂಳೆ ಮುರಿಸಿಕೊಂಡು ಊರಿಗೆ ವಾಪಸ್ ಬಂದವನಿಗೆ ಎದುರಿಗೆ ಸಿಗುವ ಮಾತು ‘ಅಯ್ಯೋ ಪಾಪ’, ಬೆನ್ನ ಹಿಂದೆ ಸಿಗುವ ಮಾತು ‘ಹಂಗೇ ಆಗ್ಬೇಕು’. ಗೋಡೆಗೆ ಎರಡೂ ಸಿಕ್ಕಿದವು, ಬಸ್ಸಿಳಿದು ಚೀಲ ಹೆಗಲಿಗೆ ಹಾಕಿಕೊಳ್ಳುವಷ್ಟರಲ್ಲೇ.

ಗೋಡೆ ಅಂದರೆ ಮನುಷ್ಯನೇ. ಹಾಕಿ ಆಟಗಾರ, ಡಿಫೆಂಡರ್. ಏಳು ವರ್ಷದಲ್ಲಿ ಬೇರೆ ಬೇರೆ ಊರಿನ ನಾಲ್ಕು ತಂಡಗಳಿಗೆ ಆಡಿದ್ದ. ನಾಲ್ಕೂ ಕಡೆ ಈ ಅಡ್ಡಹೆಸರು ಅವನಿಗಿಂತ ಮೊದಲೇ ಹೋಗಿ ಕೂತಿರುತ್ತಿತ್ತು. ಚೆಂಡು ಎಲ್ಲಿಂದ ಬಂದರೂ ಅದರ ದಾರಿಗೇ ನುಗ್ಗುವುದು ಅವನ ಚಾಳಿ. ಸ್ಟಿಕ್ಕಿಗೆ ಸಿಕ್ಕರೆ ಸರಿ, ಇಲ್ಲವಾದರೆ ಮೈಗೆ. ಮೈಗೆ ತಗುಲಿದರೆ ಫೌಲು, ಅಂಪೈರ್ ಸೀಟಿ ಊದುತ್ತಾನೆ, ಕೋಚು ಬೈಯುತ್ತಾನೆ, ಆಸ್ಪತ್ರೆಯವರು ಪ್ಲಾಸ್ಟರ್ ಕಲಸುತ್ತಾರೆ. ಆದರೂ ಬಿಟ್ಟವನಲ್ಲ. ಯಾಕಯ್ಯಾ ಹೀಗೆ ಎಂದು ಕೇಳಿದವರ ಮುಂದೆಲ್ಲ ನಕ್ಕುಬಿಡುತ್ತಿದ್ದ.

ಊರಿನ ತಂಡದ ಕೋಚ್ ತಗಡಿನ ಮೇಜಿನ ಮೇಲೆ ಡಾಕ್ಟರ ಚೀಟಿಗಳನ್ನು ಹರಡಿಕೊಂಡು ಒಂದೊಂದನ್ನೇ ಓದಿದರು. ‘‘ಹೆಗಲ ಮೂಳೆ ಒಂದ್ಸಲ. ಬೆರಳು ಎರಡು. ಕೆನ್ನೆ ಮೂಳೆ. ಎಡ ಮಂಡಿ ಎರಡು ಸಲ. ಇದೇನು ಮನುಷ್ಯನ ಫೈಲೋ, ಗುಜರಿ ಅಂಗಡಿ ಪಟ್ಟಿಯೋ?’’

‘‘ಮಂಡಿ ಈಗ ಪರವಾಗಿಲ್ಲ ಸರ್.’’

‘‘ಡಾಕ್ಟ್ರು ಏನಂದ್ರು? ಸುಳ್ಳು ಹೇಳ್ಬೇಡ.’’

‘‘ಇನ್ನೊಂದು ಪೆಟ್ಟು ಬಿದ್ರೆ ಕೈಯಲ್ಲಿ ಬೇರೆ ಥರದ ಕೋಲು ಹಿಡ್ಕೊಂಡು ಓಡಾಡ್ಬೇಕಾಗುತ್ತೆ ಅಂದ್ರು.’’

ಕೋಚ್ ನಗಲಿಲ್ಲ. ಚೀಟಿಗಳನ್ನು ಮಡಚಿ ಅವನ ಕಡೆಗೇ ತಳ್ಳಿದರು. ‘‘ಆರು ಮ್ಯಾಚ್ ಉಳ್ಕೊಂಡಿವೆ. ಪಟ್ಟೀಲಿ ತಳದಲ್ಲಿದ್ದೀವಿ. ಗೋಲಿನ ಎಡ ಕಂಬಕ್ಕೆ ನಿಲ್ಲೋರಿಲ್ಲ, ಅದಕ್ಕೆ ಕರೆಸಿದ್ದು. ಕನಿಕರ ಅಂತ ತಿಳ್ಕೋಬೇಡ. ಹಳೇ ಪದ್ಧತಿ ಮರೆತಿಲ್ಲ ತಾನೆ?’’

ಮರೆಯುವುದುಂಟೆ. ಪೆನಾಲ್ಟಿ ಕಾರ್ನರ್ ಬಂದಾಗ, ಅಂದರೆ ಎದುರಾಳಿ ವೃತ್ತದ ಅಂಚಿನಿಂದ ನೇರ ಗೋಲಿಗೆ ಬೀಸುವಾಗ, ಬೇರೆ ತಂಡಗಳ ಕೀಪರ್ ಗೋಲುಗೆರೆ ಬಿಟ್ಟು ಮುಂದೆ ನುಗ್ಗುತ್ತಾನೆ. ಈ ಊರಿನ ಪದ್ಧತಿ ಉಲ್ಟಾ. ಇಲ್ಲಿ ಕೀಪರ್ ಗೆರೆಯ ಮೇಲೇ ನಿಲ್ಲುತ್ತಾನೆ, ಎಡ ಕಂಬದವನು ಅವನಿಗಿಂತ ಎರಡು ಹೆಜ್ಜೆ ಮುಂದೆ. ಕೀಪರ್ ಹಿಂದಿನಿಂದ ಎಲ್ಲ ನೋಡಿ ‘ನಂದು’ ಎಂದರೆ ಎಡ ಕಂಬದವನು ಸರಿಯಬೇಕು, ‘ನಿಂದು’ ಎಂದರೆ ಹೊಡೆಯಬೇಕು. ಹಿಂದೆ ತಿರುಗಿ ನೋಡುವ ಹಾಗಿಲ್ಲ. ನೋಡಿದವನಿಗೆ ಆಟ ಮುಗಿದ ಮೇಲೆ ಮೈದಾನದ ಸುತ್ತ ಹತ್ತು ಸುತ್ತು. ಕಣ್ಣು ಚೆಂಡಿಗೆ, ಕಿವಿ ಕೀಪರ್‌ಗೆ, ಇಷ್ಟೇ ಪಾಠ.

ಏಳು ವರ್ಷದ ಹಿಂದೆ ಅವನ ಕಿವಿ ಇದ್ದದ್ದು ಸ್ವಂತ ಅಣ್ಣನ ದನಿಗೆ. ಅಣ್ಣನೇ ಆಗ ಕೀಪರ್. ಆ ದಿನ ಚೆಂಡು ಎಡಕ್ಕೆ ಸಿಡಿದು ಬಂತು. ಹಿಂದಿನಿಂದ ಅಣ್ಣ ‘ನಂದು’ ಎಂದ, ಇವನು ಸ್ಟಿಕ್ ಎತ್ತಿ ಸರಿದ. ಚೆಂಡು ಕಂಬದ ಒಳಮೈಗೆ ಬಡಿದು ವಾಪಸ್ ಚಿಮ್ಮಿ, ಅದಕ್ಕೆ ಹಾರಿದ ಅಣ್ಣನ ಕತ್ತಿಗೆ, ಸರಿಯಾಗಿ ಹೆಲ್ಮೆಟ್ಟಿನ ಕೆಳಗೆ ಹೊಡೆಯಿತು. ಆಸ್ಪತ್ರೆಗೆ ಒಯ್ದರು ಅಂತ ಹೆಸರಿಗೆ ಹೇಳಬೇಕು ಅಷ್ಟೆ. ದಾರಿಯಲ್ಲೇ ಎಲ್ಲ ಮುಗಿದಿತ್ತು.

ಆಮೇಲೆ ಶುರುವಾಯಿತು ನೋಡಿ ಊರಿನ ಬಾಯಿ. ‘ನಂದು’ ಅಂದದ್ದು ಇವನೊಬ್ಬನಿಗೆ ಬಿಟ್ಟು ಇನ್ಯಾರಿಗೂ ಕೇಳಿಸಿರಲಿಲ್ಲ. ಮಿಕ್ಕ ಮೂವರು ಡಿಫೆಂಡರ್‌ಗಳು ಆಗಲೇ ಮುಂದಕ್ಕೆ ಓಡಿದ್ದರು, ಕೋಚ್ ಗೆರೆಯಾಚೆ ದೂರದಲ್ಲಿದ್ದರು. ಹೆದರಿ ಸರಿದ, ಈಗ ಸತ್ತವನ ಬಾಯಲ್ಲಿ ಮಾತು ಹಾಕ್ತಾ ಇದ್ದಾನೆ ಎಂದರು ಜನ. ಜೀವಮಾನದಲ್ಲಿ ಒಂದು ಚೆಂಡಿಗೆ ಎದುರು ನಿಲ್ಲದವರೂ ಅಂದರು. ಅವರ ಮಾತು ಹಾಳಾಗಿ ಹೋಗಲಿ, ಅವನಿಗೆ ಬೇಕಿದ್ದದ್ದು ಒಬ್ಬರ ನಂಬಿಕೆ. ಅತ್ತಿಗೆಯದು. ಅತ್ತಿಗೆ ಆ ದಿನದ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಬೈಯಲಿಲ್ಲ, ಅತ್ತು ರಂಪ ಮಾಡಲಿಲ್ಲ. ತಟ್ಟೆ ಹಾಕಿ ಊಟಕ್ಕೆ ಕರೆದಳು, ಅಷ್ಟೆ. ಆ ಮೌನ ತಡೆಯಲಾರದೆ ಎರಡೇ ತಿಂಗಳಲ್ಲಿ ಊರು ಬಿಟ್ಟ. ಅಂದಿನಿಂದ ಯಾವ ಕೀಪರ್ ಏನೇ ಕೂಗಲಿ, ಒಂದು ಚೆಂಡನ್ನೂ ಅವನು ಬಿಟ್ಟುಕೊಟ್ಟಿಲ್ಲ. ಬರಬರುತ್ತ ಅವನಿಗೇ ಅನುಮಾನ ಹತ್ತಿತ್ತು. ಅಣ್ಣ ನಿಜವಾಗಿ ಕೂಗಿದ್ದನೆ, ಅಥವಾ ಹೆದರಿದ ತಾನೇ ಕೇಳಿಸಿಕೊಂಡೆನೆ?

ಮೊದಲ ದಿನದ ಅಭ್ಯಾಸಕ್ಕೆ ಅವನು ತಡವಾಗಿ ಬಂದ. ಗುರುತು ಪರಿಚಯಕ್ಕೆ ಪುರುಸೊತ್ತಿಲ್ಲ, ಆಗಲೇ ಕಾರ್ನರ್ ಅಭ್ಯಾಸ ನಡೆದಿತ್ತು. ಹೋಗಿ ಎಡ ಕಂಬದ ಮುಂದೆ ನಿಂತ. ಹೆಲ್ಮೆಟ್ ಹಾಕಿದ ಉದ್ದನೆಯ ಕೀಪರ್ ಗೆರೆಯ ಮೇಲಿದ್ದ. ಚೆಂಡು ಬಂತು.

‘‘ನಂದು.’’

ಕಿವಿಯ ಹಿಂದೆಯೇ, ಒಂದು ಮೊಳ ದೂರದಲ್ಲಿ. ಗೋಡೆ ಸರಿಯಲಿಲ್ಲ. ಸ್ಟಿಕ್ ಅಡ್ಡ ಕೊಟ್ಟ, ಚೆಂಡು ಸ್ಟಿಕ್ಕಿನಿಂದ ಜಾರಿ ಕಾಲಿನ ಪಟ್ಟಿಗೆ ಬಡಿಯಿತು. ಎರಡನೇ ಸಲವೂ ಹಾಗೇ ಆಯಿತು, ಮೂರನೇ ಸಲವೂ. ಆಟ ನಿಂತಾಗ ಅವನೇ ಹೋಗಿ ಕೀಪರ್‌ನ ಹೆಗಲು ತಟ್ಟಿದ. ‘‘ನೋಡಪ್ಪ, ನೀನು ನಂದು ನಂದು ಅಂತ ಎಷ್ಟೇ ಕೂಗು, ನಾನು ಬಿಡೋ ಪೈಕಿ ಅಲ್ಲ. ಬೇಜಾರ್ ಮಾಡ್ಕೋಬೇಡ.’’

ಸುತ್ತ ಇದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕೀಪರ್ ಹೆಲ್ಮೆಟ್ ತೆಗೆದು ಕತ್ತು ತೋರಿಸಿದ. ಅಡ್ಡಕ್ಕೆ ಹಳೆಯ ಹೊಲಿಗೆಯ ಗುರುತು. ಚಿಕ್ಕಂದಿನಲ್ಲಿ ಗಂಟಲಿಗೆ ಆಪರೇಷನ್ ಆಗಿ ಅವನ ದನಿ ಹೋಗಿತ್ತು. ಪಿಸುಗುಟ್ಟುವುದಷ್ಟೇ ಸಾಧ್ಯ. ಅದಕ್ಕೇ ಎಲ್ಲರಿಗೂ ಅವನು ಪಿಸು. ಕಾರ್ನರ್ ಬಂದಾಗ ಅವನು ಕೂಗುವುದಿಲ್ಲ, ಸ್ಟಿಕ್ಕನ್ನು ತನ್ನ ಕಾಲಿನ ಪ್ಯಾಡಿಗೆ ಬಡಿಯುತ್ತಾನೆ. ಒಂದು ಬಡಿತಕ್ಕೆ ನಂದು, ಎರಡು ಬಡಿತಕ್ಕೆ ನಿಂದು. ಇಡೀ ತಂಡಕ್ಕೆ ಇದು ರೂಢಿಯಾಗಿ ಹೋಗಿ, ಹೊಸಬನಿಗೆ ಹೇಳಬೇಕು ಅನ್ನುವುದೇ ಒಬ್ಬರಿಗೂ ಹೊಳೆದಿರಲಿಲ್ಲ.

‘‘ಇವನು ಕೂಗಿದ್ದು ಕೇಳಿಸ್ತಂತೆ ಕಣ್ರೋ’’ ಎಂದ ಒಬ್ಬ. ‘‘ಕೆನ್ನೆ ಮೂಳೆ ಜೊತೆ ಕಿವೀನೂ ರಿಪೇರಿ ಮಾಡಿಸ್ಬೇಕಿತ್ತು.’’

ಗೋಡೆಯೂ ನಕ್ಕ. ನಗುತ್ತಲೇ ಒಮ್ಮೆ ಖಾಲಿ ಗೋಲುಗೆರೆಯ ಕಡೆ ಕಣ್ಣು ಹಾಯಿಸಿದ. ಪಿಸು ನಗಲಿಲ್ಲ. ಅವನನ್ನೇ ನೋಡುತ್ತ ಏನೋ ಹೇಳಲು ಬಾಯಿ ತೆರೆದ, ಅಷ್ಟರಲ್ಲಿ ಕೋಚ್ ಸೀಟಿ ಊದಿದರು.

ಮನೆಗೆ ಬಂದರೆ ಅತ್ತಿಗೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಮುಂದಿನ ಕೋಣೆಯೇ ಅವಳ ಅಂಗಡಿ. ಸುತ್ತಲ ಮೊಳೆಗಳಿಗೆ ಅರ್ಧ ಹೊಲಿದ ರವಿಕೆ, ಶಾಲೆಯ ಸಮವಸ್ತ್ರ, ನೆಲದ ತುಂಬ ಬಟ್ಟೆ ಚೂರು. ತಂಡದವರ ಪ್ಯಾಡು, ಪಟ್ಟಿಗಳ ರಿಪೇರಿಯೂ ಅವಳದೇ. ಅಂದು ಅಭ್ಯಾಸ ಮುಗಿದ ಕೂಡಲೇ ಅವಳ ಯಂತ್ರದ ಪಕ್ಕಕ್ಕೆ ಹೊಲಿಯಲು ಬಂದಿದ್ದದ್ದು ಒಂದು ಹೆಲ್ಮೆಟ್. ಮೈದಾನದ ಗಲಾಟೆಯಲ್ಲಿ ಗಮನಿಸಿರದ ಗೋಡೆ ಈಗ ಹತ್ತಿರದಿಂದ ನೋಡಿ ಗುರುತು ಹಿಡಿದ. ಎಡಗಿವಿಯ ಮೇಲೆ ಬಣ್ಣ ಕಿತ್ತುಹೋದ ಆ ಮಚ್ಚೆ ಅವನು ಚಿಕ್ಕವನಿದ್ದಾಗ ಮೆಟ್ಟಿಲ ಮೇಲಿಂದ ಬೀಳಿಸಿ ಮಾಡಿದ್ದು.

‘‘ಅಣ್ಣಂದು.’’

‘‘ಕ್ಲಬ್ಬಿಂದು’’ ಎಂದಳು ಅತ್ತಿಗೆ ಸೂಜಿಗೆ ದಾರ ಪೋಣಿಸುತ್ತ. ‘‘ಈಗ ಪಿಸು ಹಾಕ್ಕೋತಾನೆ. ಪ್ರತಿ ವರ್ಷ ಪಟ್ಟಿ ಕಿತ್ತು ಬರುತ್ತೆ, ಪ್ರತಿ ವರ್ಷ ಹೊಲಿದು ಕೊಡ್ತೀನಿ. ಒಳಗಿನ ಮೆತ್ತೆ ಬಿಚ್ಚಿ ಒಗೀತೀನಿ, ಬಿಸಿಲಿಗೆ ಹಾಕ್ತೀನಿ. ಆದ್ರೂ ಅವರ ವಾಸನೇನೇ. ಬೇರೆಯವನು ಹಾಕ್ಕೊಂಡು ಆರು ವರ್ಷ ಆಯ್ತು. ಅವನ ಬೆವರು ಎಲ್ಲಿಗೆ ಹೋಗುತ್ತೋ ಗೊತ್ತಿಲ್ಲ.’’

ಹೊಲಿಗೆಯ ಲೆಕ್ಕಾಚಾರ ಹೇಳುವಷ್ಟು ಸಲೀಸಾಗಿ ಹೇಳಿ ಯಂತ್ರ ತುಳಿಯತೊಡಗಿದಳು. ಈಗಲಾದರೂ ಕೇಳಿಯಾಳು ಎಂದು ಗೋಡೆ ಬಾಗಿಲಲ್ಲೇ ನಿಂತ. ಅವಳು ಕೇಳಿದ್ದು ‘‘ಮಂಡಿ ಹೇಗಿದೆ’’ ಎಂದಷ್ಟೇ.

ಮಾರನೆಯ ದಿನ ನಡು ಮಧ್ಯಾಹ್ನ ಅವನೊಬ್ಬನೇ ಮೈದಾನಕ್ಕೆ ಹೋದ. ಕಿವಿಯ ದೋಷವೋ ತಲೆಯ ದೋಷವೋ ಇತ್ಯರ್ಥವಾಗಲಿ ಅನ್ನುವ ಹಟ. ಮೈದಾನ ನೋಡಿಕೊಳ್ಳುವ ಮುದುಕ ಹಸಿರು ಹಾಸಿನ ಮೇಲೆ ನೀರು ಹೊಡೆದು, ಗೋಲಿನ ಬಾಯಲ್ಲಿ ಹಾಸು ಹರಿದ ಕಡೆ ಮರಳು ಹರಡಿ, ಪೈಪ್ ಸುತ್ತುತ್ತಿದ್ದ. ನೆತ್ತಿಯ ಮೇಲೆ ಬಿಸಿಲು. ಗೋಡೆ ಎಡ ಕಂಬದ ಮುಂದೆ ಎರಡು ಹೆಜ್ಜೆ ಅಳೆದು ನಿಂತು ಗೋಲಿನ ಎದುರಿನ ಖಾಲಿ ವೃತ್ತವನ್ನೇ ನೋಡಿದ. ಐದು ನಿಮಿಷ, ಹತ್ತು ನಿಮಿಷ. ಯಾವ ದನಿಯೂ ಇಲ್ಲ. ಹುಚ್ಚಪ್ಪ ಕಣೋ ನೀನು ಎಂದು ತನ್ನನ್ನೇ ಬೈದುಕೊಳ್ಳುವ ಹೊತ್ತಿಗೆ, ಹಿಂದೆ ಗೋಲಿನೊಳಗಿನ ಹಲಗೆಗೆ ಚೆಂಡು ಬಡಿದ ಹಾಗೆ ‘ದಬ್’ ಎಂದಿತು.

ಅವನು ಗಕ್ಕನೆ ತಿರುಗಿದ. ಚೆಂಡೂ ಇಲ್ಲ, ಯಾರೂ ಇಲ್ಲ. ಒದ್ದೆ ಮರಳಿನಲ್ಲಿ ಅವನ ಬೂಟಿನ ಗುರುತುಗಳಿದ್ದವು. ಅವುಗಳ ಹಿಂದೆ, ಗೋಲುಗೆರೆಯ ಮೇಲೆ, ಇನ್ನೆರಡು ಗುರುತು. ಇಟ್ಟಿಗೆಯಷ್ಟು ಅಗಲ, ಚೌಕ. ಕೀಪರ್ ಬೂಟಿನ ಮೇಲೆ ಕಟ್ಟುವ ದಪ್ಪ ಪ್ಯಾಡಿನ ಗುರುತು. ಎಡಗಾಲು ಒಂಚೂರು ಹೊರಕ್ಕೆ ತಿರುಗಿತ್ತು.

‘‘ಪಿಸು ಬಂದಿದ್ನಾ?’’ ಎಂದು ಮುದುಕನನ್ನು ಕೇಳಿದ.

‘‘ನಾಲ್ಕು ಗಂಟೆಗೆ ಮುಂಚೆ ಅವನೆಲ್ಲಿ ಬರ್ತಾನೆ. ಈ ಮರಳು ಹಾಕಿ ಇನ್ನೂ ಅರ್ಧ ಗಂಟೆ ಆಗಿಲ್ಲ.’’ ಮುದುಕ ಬಗ್ಗಿ ಗುರುತು ನೋಡಿದ, ಮುಖ ಸಿಂಡರಿಸಿದ, ಕುಂಟೆ ತಂದು ಅದನ್ನು ಎಳೆದುಬಿಟ್ಟ. ಮೊದಲೂ ಅಂಥ ಗುರುತು ಅಳಿಸಿದ ಕೈ ಅದು, ನೋಡಿದರೇ ತಿಳಿಯುತ್ತಿತ್ತು.

ಎಡಗಾಲು ಹೊರಕ್ಕೆ ತಿರುಗಿಸಿ ನಿಲ್ಲುತ್ತಿದ್ದದ್ದು ಅಣ್ಣ. ಗೋಡೆಗೆ ಭಯಕ್ಕಿಂತ ಜಾಸ್ತಿ ಸಿಟ್ಟು ಬಂತು. ಸತ್ತೂ ಇವನು ‘ನಂದು’ ಅನ್ನುವುದು ಬಿಡಲಿಲ್ಲವಲ್ಲ. ಅವತ್ತು ಸರಿದದ್ದಕ್ಕೆ ಏಳು ವರ್ಷ ಅನುಭವಿಸಿದ್ದು ಸಾಲದೆ? ಇನ್ನೊಂದು ಸಲ ಸರಿಯುವುದು ಅವನ ಹಣೆಯಲ್ಲಿ ಬರೆದಿಲ್ಲ ಎಂದು ಮಂಡಿಗೆ ಪಟ್ಟಿ ಬಿಗಿದುಕೊಂಡ.

ಐದು ಮ್ಯಾಚ್ ಆಡಿದ. ಪ್ರತಿ ಕಾರ್ನರ್‌ನಲ್ಲೂ ದನಿ ಬಂತು. ಪಿಸು ಎರಡು ಸಲ ಬಡಿದಾಗ, ಅಂದರೆ ಚೆಂಡು ಗೋಡೆಯದೇ ಆದಾಗ, ದನಿ ಸುಮ್ಮನಿರುತ್ತಿತ್ತು. ಒಂದು ಸಲ ಬಡಿದಾಗ ಮಾತ್ರ, ಬಡಿತಕ್ಕಿಂತ ಎವೆಯಿಕ್ಕುವಷ್ಟು ಮುಂಚೆ, ‘ನಂದು’. ಗೋಡೆ ದನಿಗೂ ಸರಿಯಲಿಲ್ಲ, ಬಡಿತಕ್ಕೂ ಸರಿಯಲಿಲ್ಲ. ತಂಡ ಎರಡು ಗೆದ್ದಿತು, ಒಂದು ಡ್ರಾ ಮಾಡಿಕೊಂಡಿತು. ಮಂಡಿ ಮಾತ್ರ ಸಂಜೆಯಾದರೆ ಊದಿ ಕುಂಬಳಕಾಯಿ ಆಗುತ್ತಿತ್ತು.

ಐದನೇ ಮ್ಯಾಚಿನ ನಂತರ ಬಟ್ಟೆ ಬದಲಿಸುವ ಕೋಣೆಯಲ್ಲಿ ಪಿಸು ಬಂದು ಪಕ್ಕದಲ್ಲಿ ಕೂತ. ಅವನ ಮಾತು ಕೇಳಬೇಕಾದರೆ ಕಿವಿಯನ್ನು ಅವನ ಬಾಯಿಗೇ ಕೊಡಬೇಕು. ‘‘ನನ್ನ ಚೆಂಡನ್ನೆಲ್ಲ ನೀನೇ ಕಿತ್ಕೋತೀಯ. ನನ್ನ ಮೇಲೆ ನಂಬಿಕೆ ಇಲ್ವಾ?’’

‘‘ನಿನ್ನ ಮೇಲಲ್ಲ ಮಾರಾಯ.’’

‘‘ಮತ್ತೆ ಯಾರ ಮೇಲೆ?’’

ಗೋಡೆ ಬೂಟಿನ ದಾರ ಬಿಚ್ಚುವುದರಲ್ಲಿ ಮುಳುಗಿದವನ ಹಾಗೆ ತಲೆ ಬಗ್ಗಿಸಿದ. ನನ್ನ ಮೇಲೇ, ಎಂದುಕೊಂಡ.

ಕೊನೆಯ ಮ್ಯಾಚ್ ಊರಿನ ಮೈದಾನದಲ್ಲೇ. ಡ್ರಾ ಆದರೂ ಸಾಕು, ತಂಡ ಉಳಿಯುತ್ತದೆ. ಸೋತರೆ ಕೆಳಗಿನ ದರ್ಜೆಗೆ, ಮುಂದಿನ ವರ್ಷ ಮುರುಕು ಮಂಡಿಯವನನ್ನು ಕೇಳುವವರೇ ಇಲ್ಲ. ಬೆಳಿಗ್ಗೆ ಹೆಲ್ಮೆಟ್ಟಿನ ಪಟ್ಟಿ ಮತ್ತೆ ಕಿತ್ತಿತ್ತು. ಅತ್ತಿಗೆ ಹೊಲಿದಳು. ಒಯ್ಯಲು ಯಾರೂ ಬರದೆ, ಆಟ ಶುರುವಾಗುವ ಹೊತ್ತಿಗೆ ತಾನೇ ತಂದಳು. ಏಳು ವರ್ಷದಲ್ಲಿ ಅವಳು ಆ ಗೇಟು ದಾಟಿದ್ದು ಅದೇ ಮೊದಲು. ಕೊಟ್ಟು ಹೊರಟುಬಿಡುತ್ತಾಳೆ ಅಂದುಕೊಂಡರೆ ಹೋಗಲಿಲ್ಲ. ಗ್ಯಾಲರಿಯಲ್ಲಿ ಜಾಗ ಬಿಡುತ್ತೇವೆ ಎಂದರೂ ಅಲ್ಲಿ ಕೂರಲಿಲ್ಲ. ಗೋಲಿನ ಹಿಂದೆ, ಬಲೆಯ ಆಚೆ ಹೋಗಿ ನಿಂತಳು. ಅರ್ಧ ಆಟ ಮುಗಿದು ತಂಡಗಳು ಕಡೆ ಬದಲಿಸಿದಾಗ ತಾನೂ ಮೈದಾನದ ಸುತ್ತ ನಡೆದು ಬಂದು ಮತ್ತೆ ಪಿಸುವಿನ ಬೆನ್ನಿಗೇ ನಿಂತಳು.

ಒಂದು ಒಂದು ಸಮ. ಕೊನೆಯ ಸೀಟಿಗೆ ಏಳು ಸೆಕೆಂಡ್ ಇದ್ದಾಗ ಎದುರಾಳಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಸಮಯ ಮುಗಿದರೂ ಆ ಕಾರ್ನರ್ ಆಡಿಯೇ ತೀರಬೇಕು. ಗೋಡೆ ಎಡ ಕಂಬದ ಮುಂದೆ ಎರಡು ಹೆಜ್ಜೆ ಇಟ್ಟು ಬಗ್ಗಿದ. ಮಂಡಿಯೊಳಗೆ ಯಾರೋ ತಿರುಪು ಬಿಗಿಯುತ್ತಿದ್ದ ಹಾಗಿತ್ತು. ಎದುರಾಳಿಯೊಬ್ಬ ಗೆರೆಯಿಂದ ಚೆಂಡು ತಳ್ಳಿದ, ಇನ್ನೊಬ್ಬ ವೃತ್ತದ ಅಂಚಿನಲ್ಲಿ ತಡೆದ, ಮೂರನೆಯವನು ಮೈಯೆಲ್ಲ ತಿರುವಿ ಬೀಸಿದ.

ಚೆಂಡು ಒಂದು ಸಲ ನೆಲ ಮುಟ್ಟಿ ಎದ್ದು ನೇರ ಅವನ ಎಡ ಮಂಡಿಗೇ ಬಂತು.

‘‘ನಂದು, ಗುಂಡ.’’

ಗುಂಡ. ಆ ಹೆಸರಿನಿಂದ ಕರೆಯುತ್ತಿದ್ದದ್ದು ಜಗತ್ತಿನಲ್ಲಿ ಅಣ್ಣ ಒಬ್ಬನೇ, ಅದೂ ಮನೆಯೊಳಗೆ. ಮೈದಾನದಲ್ಲಿ ಹಾಗೆ ಕರೆದರೆ ಮಾತು ಬಿಡುತ್ತೇನೆ ಎಂದು ಇವನೇ ಜಗಳ ಕಾದಿದ್ದ. ಅಣ್ಣ ಒಂದೇ ಒಂದು ಸಲ ತಪ್ಪಿ ಕರೆದಿದ್ದ, ಆ ಕೊನೆಯ ದಿನ. ‘ನಂದು’ ಎಂದದ್ದನ್ನು ಇವನು ಊರಿಗೆಲ್ಲ ಹೇಳಿದ್ದ, ಅತ್ತಿಗೆಗೂ ಹೇಳಿದ್ದ. ಅದರ ಮುಂದಿನ ಮಾತನ್ನು ಯಾರಿಗೂ ಹೇಳಿರಲಿಲ್ಲ. ಈ ಒಂದೂವರೆ ತಿಂಗಳಲ್ಲಿ ಬಂದ ದನಿಯೂ ಅದನ್ನು ಅಂದಿರಲಿಲ್ಲ.

ಗೋಡೆ ಸ್ಟಿಕ್ ಎತ್ತಿ ಸರಿದ.

ಚೆಂಡು ಕಂಬದ ಒಳಮೈಗೆ ಬಡಿಯಿತು, ಅವತ್ತಿನದೇ ಸದ್ದು, ಅವತ್ತಿನದೇ ಕೋನ. ಇನ್ನು ಪಿಸುವಿನ ಕತ್ತು ಎಂದು ಅವನು ಕಣ್ಣು ಮುಚ್ಚಿಕೊಂಡ. ಮೆತ್ತಗೆ ‘ಧಪ್’ ಎಂದಿತು, ದಪ್ಪ ಪ್ಯಾಡಿಗೆ ಚೆಂಡು ಬಡಿದಾಗ ಬರುವ ಸದ್ದು. ಆಮೇಲೆ ಯಾರೋ ಚೆಂಡನ್ನು ದೂರಕ್ಕೆ ಒದ್ದರು. ಅಂಪೈರ್ ಸೀಟಿ ಊದಿದ. ಗ್ಯಾಲರಿ ಎದ್ದು ಕುಣಿಯಿತು.

ಹುಡುಗರು ಬಂದು ಪಿಸುವಿನ ಮೇಲೆ ಬಿದ್ದು ಅವನನ್ನು ಎತ್ತಿಕೊಂಡರು. ‘‘ಎಂಥಾ ಸೇವ್ ಮಾಡಿದ್ಯೋ’’ ಎಂದು ಬೆನ್ನು ಗುದ್ದಿದರು. ಪಿಸು ಅವರನ್ನೆಲ್ಲ ಕೊಸರಿಕೊಂಡು ಗೋಡೆಯ ಹತ್ತಿರ ಬಂದ. ಹೆಲ್ಮೆಟ್ ತೆಗೆದಾಗ ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

‘‘ನೀನು ಬಡೀಲಿಲ್ಲ’’ ಎಂದ ಗೋಡೆ.

‘‘ಬಡಿಯೋಕೆ ಮುಂಚೆ ಅವರು ಕೂಗಿದ್ರಲ್ಲ.’’ ಪಿಸು ಅವನ ಕಿವಿಗೆ ಬಾಯಿಟ್ಟ. ‘‘ಮೊದಲ ದಿನದಿಂದ ಕೇಳಿಸ್ತಿತ್ತು. ಮೊದಲು ನೀನೇ ಕೂಗ್ತೀಯ ಅಂದ್ಕೊಂಡೆ. ಹೇಳಿದ್ರೆ ನನ್ನನ್ನೂ ಆಡ್ಕೋತಾರೆ ಅಂತ ಸುಮ್ನಿದ್ದೆ. ಇವತ್ತು ನನ್ನ ಹೆಗಲಿಗೆ ಕೈ ಇಟ್ಟು ಪಕ್ಕಕ್ಕೆ ತಳ್ಳಿದ್ರು. ಬಲಗಂಬದ ಹತ್ರ ಹೋಗಿ ಬಿದ್ದೆ. ಚೆಂಡನ್ನ ನಾನು ತಡೀಲಿಲ್ಲ ಕಣೋ. ಎದ್ದು ನೋಡಿದ್ರೆ ಗೆರೆ ಮೇಲೆ ಸುಮ್ನೆ ನಿಂತಿತ್ತು. ಒದ್ದದ್ದಷ್ಟೇ ನಾನು.’’ ಒಂದು ಉಸಿರು ತೆಗೆದುಕೊಂಡ. ‘‘ಗುಂಡ ಅಂದ್ರೆ ಯಾರು?’’

ಗೋಡೆ ಪದ್ಧತಿ, ಹತ್ತು ಸುತ್ತು ಎಲ್ಲ ಮರೆತು ಪೂರ್ತಿ ಹಿಂದೆ ತಿರುಗಿದ. ಗೆರೆಯ ಮೇಲಿನ ಮರಳಿನಲ್ಲಿ ಎರಡು ಚೌಕ ಗುರುತುಗಳು ಆಳವಾಗಿ ಊರಿದ್ದವು, ಭಾರ ಹಾಕಿ ನಿಂತವನದು. ಎಡಗಾಲು ಹೊರಕ್ಕೆ ತಿರುಗಿತ್ತು. ಅದರ ಹಿಂದೆ ಬಲೆ, ಬಲೆಯ ಕಣ್ಣುಗಳಲ್ಲಿ ಹತ್ತೂ ಬೆರಳು ಸಿಕ್ಕಿಸಿ ನಿಂತ ಅತ್ತಿಗೆ. ಅವಳ ಕಣ್ಣು ಆ ಗುರುತುಗಳ ಮೇಲಿತ್ತು.

ಅವನು ಕುಂಟುತ್ತ ಹೋಗಿ ಬಲೆಯ ಈಚೆ ನಿಂತ. ‘‘ಅತ್ತಿಗೆ’’ ಎಂದ.

‘‘ಗುಂಡ ಅಂದ್ರು’’ ಎಂದಳು ಅವಳು. ‘‘ನಂದು, ಗುಂಡ ಅಂದ್ರು. ಇಷ್ಟು ಹತ್ರದಲ್ಲಿ.’’

‘‘ಅವತ್ತೂ ಹಾಗೇ ಅಂದಿದ್ದ.’’

‘‘ಗೊತ್ತಾಯ್ತು.’’ ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳುವ ಗೊಡವೆಗೂ ಹೋಗಲಿಲ್ಲ. ‘‘ಏಳು ವರ್ಷ ನಿನ್ನ ಕೇಳಲಿಲ್ಲ. ಕೇಳಿದ್ರೆ ಎಲ್ಲಿ, ನಾನೇ ಹೆದರಿ ಸರಿದೆ ಅಂತ ಒಪ್ಕೊಂಡುಬಿಡ್ತೀಯೋ ಅಂತ ಭಯ ಆಗ್ತಿತ್ತು. ಆಮೇಲೆ ನಿನ್ನ ಮುಖ ಹೇಗೆ ನೋಡ್ಲಿ? ನಂಗೆ ಅಂತ ಉಳಿದವನು ನೀನೊಬ್ಬನೇ.’’

ಬಲೆಯ ಕಣ್ಣಿನೊಳಗಿಂದ ಕೈ ತೂರಿಸಿ ಅವನ ಸೊಟ್ಟ ಬೆರಳುಗಳನ್ನು ಹಿಡಿದುಕೊಂಡಳು. ಅವನು ದೊಡ್ಡ ಗಂಡಸು, ಇಡೀ ಊರಿನ ಎದುರಿಗೆ, ಬಲೆಗೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತ. ನೋಡಿದವರು ತಂಡ ಉಳಿದ ಸಂತೋಷಕ್ಕೆ ಅಂದುಕೊಂಡರು. ಅಂದುಕೊಳ್ಳಲಿ.

ಪಿಸು ಹೆಲ್ಮೆಟ್ ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದ. ಇದು ನನ್ನದಲ್ಲ ತಗೊಳ್ಳಿ ಅನ್ನುವ ಹಾಗೆ ಬಲೆಯ ಪಕ್ಕದಿಂದ ಅತ್ತಿಗೆಗೆ ಚಾಚಿದ. ಅವಳು ತೆಗೆದುಕೊಂಡಳು. ಬೆಳಿಗ್ಗೆ ತಾನೇ ಹಾಕಿದ ಹೊಲಿಗೆಯ ಮೇಲೆ ಬೆರಳಾಡಿಸಿದಳು, ಒಳಗಿನ ಮೆತ್ತೆಯನ್ನು ಮೂಗಿಗೆ ಹಿಡಿದಳು. ಮತ್ತೆ ಒಂದು ಸಲ ಹಿಡಿದು ನೋಡಿದಳು.

‘‘ನಿನ್ನ ಬೆವರೇ’’ ಎಂದಳು ಪಿಸುವಿಗೆ, ಮತ್ತು ಹೆಲ್ಮೆಟ್ ಅವನಿಗೇ ವಾಪಸ್ ಕೊಟ್ಟಳು.

ಗೋಡೆ ತಲೆ ಎತ್ತಿದಾಗ ಮೈದಾನದ ಮುದುಕ ಕುಂಟೆ ಹಿಡಿದು ಗೋಲಿನ ಬಾಯಿಗೆ ಬಂದಿದ್ದ. ಗುರುತುಗಳನ್ನು ನೋಡಿದ, ಅತ್ತಿಗೆಯನ್ನು ನೋಡಿದ, ಕುಂಟೆಯನ್ನು ಕಂಬಕ್ಕೆ ಒರಗಿಸಿಟ್ಟು ಹೊರಟುಹೋದ.